ತಲೆನೋವಿಗೆ ಬೆರಳಿನ ಒತ್ತಡ: ಮನೆಯಲ್ಲಿ ಆಕ್ಯುಪ್ರೆಶರ್

ತಲೆನೋವು ಬಂದಾಗ ನೋಯುವುದು ಮಿದುಳಲ್ಲ. ಮಿದುಳಿನ ಅಂಗಾಂಶದಲ್ಲಿ ನೋವನ್ನು ಗ್ರಹಿಸುವ ನರತುದಿಗಳೇ ಇಲ್ಲ. ರೋಗಿ ಎಚ್ಚರವಾಗಿ ಮಾತನಾಡುತ್ತಿರುವಾಗಲೇ ಮಿದುಳಿನ ಶಸ್ತ್ರಚಿಕಿತ್ಸೆ ನಡೆಸಲು ಸಾಧ್ಯವಾಗುವುದು ಇದರಿಂದ. ನೋಯುವುದು ಮಿದುಳನ್ನು ಹೊದ್ದಿರುವ ಪೊರೆ, ಅದರ ರಕ್ತನಾಳಗಳು, ಬುರುಡೆಯ ಹೊರಗಿನ ಸ್ನಾಯುಗಳು, ನೆತ್ತಿಯ ಚರ್ಮ, ಕಣ್ಣು, ಸೈನಸ್, ಹಲ್ಲು ಮತ್ತು ಕುತ್ತಿಗೆಯ ಮೇಲ್ಭಾಗದ ಕೀಲುಗಳು. ಹಣೆ, ಕಣ್ಣು, ಕಣತಲೆ, ದವಡೆಗಳ ನೋವನ್ನು ಟ್ರೈಜೆಮಿನಲ್ ನರ ಮಿದುಳಿಗೆ ಮುಟ್ಟಿಸುತ್ತದೆ. ಹೆಡತಲೆ ಮತ್ತು ಕುತ್ತಿಗೆಯ ನೋವನ್ನು ಮುಟ್ಟಿಸುವುದು ಬೆನ್ನುಹುರಿಯಿಂದ ಹೊರಡುವ ಮೊದಲ ಮೂರು ಜೊತೆ ನರಗಳು. ಈ ಎರಡು ದಾರಿಗಳೂ ಮಿದುಳುಕಾಂಡದ ಕೆಳತುದಿಯಲ್ಲಿ ಒಂದೇ ನರಕೋಶಗಳ ಗುಂಪಿಗೆ ಬಂದು ಸೇರುತ್ತವೆ. ಕುತ್ತಿಗೆ ಬಿಗಿದುಕೊಂಡವರಿಗೆ ಕಣ್ಣಿನ ಹಿಂದೆ ನೋವು ಕಾಣಿಸುವುದೂ, ಹೆಡಕಿನಲ್ಲಿ ಒತ್ತಿದರೆ ಹಣೆ ಹಗುರಾಗುವುದೂ ಈ ಸಂಗಮದ ಕಾರಣದಿಂದಲೇ. ತಲೆನೋವಿಗೆ ಬೆರಳಿನಿಂದ ಒತ್ತುವ ಪದ್ಧತಿಯನ್ನು ಅರ್ಥಮಾಡಿಕೊಳ್ಳಲು ಶರೀರರಚನೆಯ ಈ ಒಂದು ಸಂಗತಿ ಬಹಳ ಮಟ್ಟಿಗೆ ಸಾಕು.

ತಲೆನೋವುಗಳನ್ನು ವೈದ್ಯಶಾಸ್ತ್ರ ಎರಡು ದೊಡ್ಡ ಗುಂಪುಗಳಾಗಿ ವಿಂಗಡಿಸುತ್ತದೆ. ಬೇರೆ ಕಾಯಿಲೆಯ ಲಕ್ಷಣವಾಗಿ ಬರುವುದು ಒಂದು ಗುಂಪು: ಜ್ವರ, ಸೈನಸ್ ಸೋಂಕು, ತಲೆಗೆ ಪೆಟ್ಟು, ರಕ್ತಸ್ರಾವ, ಗೆಡ್ಡೆ ಮೊದಲಾದವುಗಳ ತಲೆನೋವು. ತಲೆನೋವೇ ಕಾಯಿಲೆಯಾಗಿರುವುದು ಇನ್ನೊಂದು ಗುಂಪು. ಈ ಎರಡನೆಯ ಗುಂಪಿನಲ್ಲಿ ಮನೆಮನೆಯಲ್ಲೂ ಕಾಣುವುದು ಎರಡು ಬಗೆ. ಬಿಗಿತದ ತಲೆನೋವಿನಲ್ಲಿ ತಲೆಯ ಎರಡೂ ಕಡೆ ಪಟ್ಟಿ ಬಿಗಿದಂತೆ ಒತ್ತುತ್ತದೆ. ಅದು ಸಾಧಾರಣ ತೀವ್ರತೆಯದು, ನಡೆದಾಡಿದರೆ ಹೆಚ್ಚುವುದಿಲ್ಲ. ಅರೆತಲೆನೋವು, ಅಂದರೆ ಮೈಗ್ರೇನ್, ಸಾಮಾನ್ಯವಾಗಿ ಒಂದು ಕಡೆ ಮಿಡಿಯುತ್ತದೆ, ಮೆಟ್ಟಿಲು ಹತ್ತಿದರೂ ಹೆಚ್ಚುತ್ತದೆ. ವಾಕರಿಕೆ ಬರುತ್ತದೆ, ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ 4ರಿಂದ 72 ಗಂಟೆಗಳವರೆಗೆ ಇರುತ್ತದೆ. ಆಯುರ್ವೇದದ ಗ್ರಂಥಗಳು ಅರ್ಧಾವಭೇದಕ ಎಂದು ವರ್ಣಿಸಿರುವುದು ಬಹುಪಾಲು ಇದನ್ನೇ.

ಕರ್ನಾಟಕದಲ್ಲಿ ಈ ತೊಂದರೆ ಎಷ್ಟು ವ್ಯಾಪಕ ಎಂಬುದಕ್ಕೆ ಒಳ್ಳೆಯ ಲೆಕ್ಕವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಮಂದಿಯನ್ನು ಮನೆಗೆ ಹೋಗಿ ಮಾತನಾಡಿಸಿ ನಡೆಸಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದವರು ನೂರಕ್ಕೆ ಸುಮಾರು 64 ಮಂದಿ. ವಯಸ್ಸಿನ ಹಂಚಿಕೆಗೆ ಹೊಂದಿಸಿ ನೋಡಿದಾಗ ಮೈಗ್ರೇನ್ ನೂರಕ್ಕೆ 25ರಷ್ಟು, ಬಿಗಿತದ ತಲೆನೋವು 35ರಷ್ಟು. ತಿಂಗಳಲ್ಲಿ 15 ದಿನ ಅಥವಾ ಅದಕ್ಕೂ ಹೆಚ್ಚು ತಲೆನೋವಿರುವವರು ನೂರಕ್ಕೆ ಮೂವರು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇಷ್ಟು ಜನರ ನೋವಿಗೆ ಪ್ರತಿ ಸಲವೂ ವೈದ್ಯರು ಸಿಗುವುದಿಲ್ಲ, ಸಿಗಬೇಕಾದ ಅಗತ್ಯವೂ ಇಲ್ಲ. ಹಾಗಾಗಿ ಮನೆಯಲ್ಲಿ ಏನು ಮಾಡಿಕೊಳ್ಳಬಹುದು ಎಂಬ ಪ್ರಶ್ನೆಯನ್ನು ಹಗುರವಾಗಿ ನೋಡುವಂತಿಲ್ಲ.

ನೋಯುವ ತಲೆಯನ್ನು ಒತ್ತುವುದು ಯಾವ ಶಾಸ್ತ್ರಕ್ಕೂ ಕಾದು ಕುಳಿತ ಅಭ್ಯಾಸವಲ್ಲ. ಸೆರಗನ್ನೋ ಟವೆಲನ್ನೋ ಹಣೆಗೆ ಬಿಗಿದು ಕಟ್ಟಿಕೊಳ್ಳುವುದು, ಶುಂಠಿ ತೇದು ಪಟ್ಟು ಹಾಕುವುದು, ನೆತ್ತಿಗೆ ಹರಳೆಣ್ಣೆ ತಟ್ಟುವುದು, ಮಕ್ಕಳ ಕೈಯಲ್ಲಿ ಕಣತಲೆ ಒತ್ತಿಸಿಕೊಳ್ಳುವುದು ಇವೆಲ್ಲ ಕನ್ನಡ ನಾಡಿನ ಮನೆಗಳಲ್ಲಿ ಇಂದಿಗೂ ಇವೆ. ಆದರೆ ಇಂತಿಂಥ ಬಿಂದುವನ್ನೇ ಇಷ್ಟು ಹೊತ್ತು ಒತ್ತಬೇಕು ಎಂಬ ಕ್ರಮಬದ್ಧ ಪದ್ಧತಿ ಬೆಳೆದದ್ದು ಚೀನಾದಲ್ಲಿ. ಹುನಾನ್ ಪ್ರಾಂತದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು 1973ರಲ್ಲಿ ತೆರೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ದೊರೆತವು. ಅವುಗಳಲ್ಲಿ ದೇಹದ ಹನ್ನೊಂದು ನಾಡಿಪಥಗಳ ವರ್ಣನೆಯಿದೆ, ಬಿಂದುಗಳ ಪಟ್ಟಿ ಇಲ್ಲ. ಬಿಂದುಗಳು ಒಂದೊಂದಾಗಿ ಹೆಸರು ಪಡೆದದ್ದು ಮುಂದಿನ ಶತಮಾನಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಪ್ರಮಾಣಿತ ಪಟ್ಟಿಯಲ್ಲಿ ಅವುಗಳ ಸಂಖ್ಯೆ 361. ಆ ಬಿಂದುಗಳಿಗೆ ಸೂಜಿ ಚುಚ್ಚಿದರೆ ಆಕ್ಯುಪಂಕ್ಚರ್, ಬೆರಳಿನಿಂದ ಒತ್ತಿದರೆ ಆಕ್ಯುಪ್ರೆಶರ್.

ಭಾರತಕ್ಕೆ ಸೂಜಿಯ ವಿದ್ಯೆ ಬಂದ ದಾರಿಯನ್ನು ನೆನೆಯಬೇಕು. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದ ಭಾರತೀಯ ವೈದ್ಯ ತಂಡದಲ್ಲಿ ದ್ವಾರಕಾನಾಥ ಕೋಟ್ನಿಸ್ ಅವರ ಜತೆಗಿದ್ದವರು ಬಿಜೊಯ್ ಕುಮಾರ್ ಬಸು. ಅವರು ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು, 1959ರಲ್ಲಿ ಕೋಲ್ಕತ್ತದಲ್ಲಿ ಅದನ್ನು ಬಳಕೆಗೆ ತಂದರು. ಕೇಂದ್ರ ಸರ್ಕಾರ 2019ರಲ್ಲಿ ಅದಕ್ಕೆ ಸ್ವತಂತ್ರ ಚಿಕಿತ್ಸಾ ಪದ್ಧತಿಯ ಮಾನ್ಯತೆ ನೀಡಿತು. ಅಂಗೈ ಅಂಗಾಲುಗಳಲ್ಲಿ ಇಡೀ ದೇಹದ ನಕ್ಷೆ ಇದೆ ಎನ್ನುವ ಪಾದ ಚಿಕಿತ್ಸೆ ಮಾತ್ರ ಬೇರೆ ಮೂಲದ್ದು. 1917ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಫಿಟ್ಜ್‌ಗೆರಾಲ್ಡ್ ಪ್ರಕಟಿಸಿದ ವಲಯ ಸಿದ್ಧಾಂತದಿಂದ ಅದು ಬೆಳೆಯಿತು. ನಮ್ಮಲ್ಲಿ ಅದನ್ನೂ ಚೀನೀ ಪದ್ಧತಿಯನ್ನೂ ಆಕ್ಯುಪ್ರೆಶರ್ ಎಂಬ ಒಂದೇ ಹೆಸರಿನಿಂದ ಕರೆಯುವ ರೂಢಿ ಬಿದ್ದಿದೆ. ಸುಶ್ರುತ ಸಂಹಿತೆಯ 107 ಮರ್ಮಗಳೇ ಆಕ್ಯುಪ್ರೆಶರ್‌ನ ಮೂಲ ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಹುಬ್ಬುಗಳ ನಡುವಿನ ಸ್ಥಪನೀ, ಕಣತಲೆಯ ಶಂಖ ಇವು ಚೀನೀ ಬಿಂದುಗಳ ಜಾಗದಲ್ಲೇ ಇರುವುದು ನಿಜ. ಆದರೆ ಸುಶ್ರುತ ಅವುಗಳನ್ನು ಹೇಳಿದ್ದು ಪೆಟ್ಟು ಬಿದ್ದರೆ ಪ್ರಾಣಕ್ಕೋ ಅಂಗಕ್ಕೋ ಅಪಾಯವಾಗುವ ಸ್ಥಳಗಳೆಂದು, ಶಸ್ತ್ರವೈದ್ಯನ ಕೈ ಎಚ್ಚರವಾಗಿರಬೇಕಾದ ಜಾಗಗಳೆಂದು. ಶಂಖಮರ್ಮಕ್ಕೆ ಪೆಟ್ಟು ಬಿದ್ದರೆ ತಕ್ಷಣ ಸಾವು ಎಂದು ಆ ಗ್ರಂಥ ಹೇಳುತ್ತದೆ. ಎರಡು ದೊಡ್ಡ ಪರಂಪರೆಗಳನ್ನು ಅವಸರದಿಂದ ಒಂದಾಗಿಸಿದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

ಬಿಂದುಗಳು ಎಷ್ಟೇ ಇದ್ದರೂ ಮನೆಯ ಬಳಕೆಗೆ ಕೆಲವೇ ಸಾಕು. ಅವುಗಳಲ್ಲಿ ಮೊದಲು ಕಲಿಯಬೇಕಾದದ್ದು ಹೆಡಕಿನ ಬಿಂದು; ಚೀನೀ ಹೆಸರು ಫೆಂಗ್‌ಚಿ. ಎರಡೂ ಕೈಗಳ ಬೆರಳುಗಳನ್ನು ತಲೆಯ ಹಿಂಭಾಗಕ್ಕೆ ಒರಗಿಸಿ, ಕಿವಿಯ ಹಿಂದಿನ ಮೂಳೆಯ ಉಬ್ಬಿನಿಂದ ಹೆಬ್ಬೆರಳುಗಳನ್ನು ನಡುಗೆರೆಯ ಕಡೆಗೆ ನಿಧಾನವಾಗಿ ಸರಿಸಿದರೆ, ಬುರುಡೆಯ ಅಂಚಿನ ಕೆಳಗೆ ಇಕ್ಕೆಲಗಳಲ್ಲೂ ಒಂದೊಂದು ತಗ್ಗು ಸಿಗುತ್ತದೆ. ಬೆನ್ನಿನಿಂದ ಮೇಲೇರುವ ಟ್ರೆಪೀಜಿಯಸ್ ಸ್ನಾಯು ಮತ್ತು ಕಿವಿಯ ಹಿಂದಿನಿಂದ ಎದೆಗೂಡಿನತ್ತ ಇಳಿಯುವ ಸ್ನಾಯು ಇವೆರಡರ ನಡುವಿನ ಬಿಡುವು ಅದು. ಅದರಾಳದಲ್ಲಿ ತಲೆಯನ್ನು ನೆಟ್ಟಗೆ ಹಿಡಿಯುವ ಸಣ್ಣ ಸ್ನಾಯುಗಳಿವೆ. ಹೆಡತಲೆಯ ಚರ್ಮಕ್ಕೆ ಹರಡುವ ಮುಖ್ಯ ನರ ಅಲ್ಲೇ ಹತ್ತಿರದಲ್ಲಿ ಹಾದುಹೋಗುತ್ತದೆ. ಮೊಬೈಲಿಗೆ, ಕಂಪ್ಯೂಟರಿಗೆ, ಹೊಲಿಗೆ ಯಂತ್ರಕ್ಕೆ ಗಂಟೆಗಟ್ಟಲೆ ತಲೆಬಾಗಿಸಿದವರ ಈ ತಗ್ಗಿನಲ್ಲಿ ಬೆರಳಿಟ್ಟರೆ ಗಂಟು ಕಟ್ಟಿದಂತಹ ಗಡಸು ಗೊತ್ತಾಗುತ್ತದೆ, ಮುಟ್ಟಿದರೆ ನೋಯುತ್ತದೆ. ಕುರ್ಚಿಯಲ್ಲಿ ಒರಗಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಅದರ ಭಾರವೇ ಹೆಬ್ಬೆರಳುಗಳ ಮೇಲೆ ಬೀಳುವಂತೆ ಬಿಡಬೇಕು. ಒತ್ತಡದ ದಿಕ್ಕು ಮೇಲ್ಮುಖವಾಗಿ, ಎದುರು ಬದಿಯ ಕಣ್ಣಿನ ಕಡೆಗೆ. ಹೀಗೆ ಮಾಡಿದಾಗ ಕೈ ಸೋಲುವುದಿಲ್ಲ, ಕುತ್ತಿಗೆಯೂ ಸಡಿಲವಾಗಿರುತ್ತದೆ. ಬಿಗಿತದ ತಲೆನೋವಿಗೆ ಉಳಿದ ಬಿಂದುಗಳೆಲ್ಲ ಇದರ ನಂತರದವು ಎಂದರೆ ತಪ್ಪಾಗದು.

ಕಣತಲೆಯ ಬಿಂದು, ತೈಯಾಂಗ್, ಎಲ್ಲರ ಬೆರಳೂ ತಾನಾಗಿ ಹುಡುಕಿಕೊಂಡು ಹೋಗುವ ಜಾಗ. ಹುಬ್ಬಿನ ಹೊರತುದಿ ಮತ್ತು ಕಣ್ಣಿನ ಹೊರಮೂಲೆ ಇವೆರಡರ ಮಧ್ಯದಿಂದ ಕಿವಿಯ ಕಡೆಗೆ ಒಂದು ಬೆರಳಗಲ ಹಿಂದೆ ಸರಿದರೆ ಸಿಗುವ ತಗ್ಗು ಅದು. ಅಗಿಯುವಾಗ ದವಡೆಯನ್ನು ಎತ್ತುವ ಸ್ನಾಯು ಅಲ್ಲಿದೆ. ಹಲ್ಲು ಕಚ್ಚಿಕೊಂಡರೆ ಬೆರಳಿನಡಿಯಲ್ಲಿ ಅದು ಉಬ್ಬುವುದು ತಿಳಿಯುತ್ತದೆ. ರಾತ್ರಿ ಹಲ್ಲು ಕಡಿಯುವವರಿಗೆ ಬೆಳಿಗ್ಗೆ ಇಲ್ಲಿಯೇ ನೋವು. ಇಲ್ಲಿ ಬೆರಳತುದಿಯಿಂದ ಹಗುರವಾಗಿ ಒತ್ತಿ ಸಣ್ಣ ಸುತ್ತು ಹಾಕುವುದೇ ಸರಿ. ಬಲ ಪ್ರಯೋಗಕ್ಕೆ ಇದು ಜಾಗವಲ್ಲ. ಹುಬ್ಬಿನ ಒಳತುದಿಯ ತಗ್ಗು, ಜಾಂಜು, ಕಣ್ಣು ದಣಿದು ಹಣೆ ಒತ್ತುವಾಗ ಉಪಯುಕ್ತ. ಹೆಬ್ಬೆರಳು ತೋರುಬೆರಳುಗಳಿಂದ ಹುಬ್ಬನ್ನು ಅಲ್ಲಿಂದ ಹೊರತುದಿಯವರೆಗೆ ಚಿವುಟಿದಂತೆ ಹಿಡಿದು ಬಿಡುತ್ತ ಹೋದರೂ ಹಿತವಾಗುತ್ತದೆ. ಹುಬ್ಬುಗಳ ನಡುವೆ, ಕುಂಕುಮ ಇಡುವ ಜಾಗದಲ್ಲಿ, ಇನ್ನೊಂದು ಬಿಂದುವಿದೆ. ಕಣ್ಣುಗುಡ್ಡೆಯನ್ನು ಮಾತ್ರ ಒತ್ತಬಾರದು.

ದೂರದ ಬಿಂದುಗಳಲ್ಲಿ ಹೆಸರಾದದ್ದು ಕೈಯ ಹಗು. ಹೆಬ್ಬೆರಳನ್ನು ತೋರುಬೆರಳಿಗೆ ಅಂಟಿಸಿ ಹಿಡಿದರೆ ಅವೆರಡರ ನಡುವೆ ಹಿಂಗೈಯಲ್ಲಿ ಮಾಂಸಖಂಡ ಉಬ್ಬುತ್ತದೆ. ಆ ಉಬ್ಬಿನ ನೆತ್ತಿಯನ್ನು ಗುರುತಿಟ್ಟುಕೊಂಡು ಬೆರಳುಗಳನ್ನು ಸಡಿಲಿಸಿ, ಇನ್ನೊಂದು ಕೈಯ ಹೆಬ್ಬೆರಳನ್ನು ಮೇಲೆ, ತೋರುಬೆರಳನ್ನು ಅಂಗೈ ಕಡೆ ಇಟ್ಟು, ತೋರುಬೆರಳಿನ ಮೂಳೆಯ ದಿಕ್ಕಿಗೆ ಒತ್ತಬೇಕು. ಸರಿಯಾದ ಜಾಗ ಸಿಕ್ಕಿದಾಗ ಮಂದವಾದ, ಭಾರವಾದ ನೋವು ಕೈಯೊಳಗೆ ಹರಡುತ್ತದೆ; ಚುಚ್ಚಿದಂತಹ ನೋವಾದರೆ ಜಾಗ ತಪ್ಪಿದೆ ಎಂದರ್ಥ. ಬಸ್ಸಿನಲ್ಲಿ, ಕಚೇರಿಯಲ್ಲಿ, ಯಾರಿಗೂ ಗೊತ್ತಾಗದಂತೆ ಇದನ್ನು ಒತ್ತಿಕೊಳ್ಳಬಹುದು. ಮೈಗ್ರೇನಿನ ವಾಕರಿಕೆಗೆ ಮುಂಗೈಯ ನೆಯ್‌ಗುವಾನ್ ಇದೆ: ಮಣಿಕಟ್ಟಿನ ಒಳಗೆರೆಯ ಮೇಲೆ ತನ್ನದೇ ಮೂರು ಬೆರಳುಗಳನ್ನು ಅಡ್ಡಲಾಗಿ ಇಟ್ಟರೆ, ಮೂರನೆಯ ಬೆರಳಿನಾಚೆಗೆ ಎರಡು ಸ್ನಾಯುರಜ್ಜುಗಳ ನಡುವೆ. ಅಳತೆಗೆ ರೋಗಿಯ ಬೆರಳನ್ನೇ ಬಳಸಬೇಕು ಎಂಬುದು ಈ ವಿದ್ಯೆಯ ಹಳೆಯ ನಿಯಮ, ಬಹಳ ವಿವೇಕದ ನಿಯಮ. ಮಗುವಿನ ಕೈಗೂ ಪೈಲ್ವಾನನ ಕೈಗೂ ಒಂದೇ ಸೆಂಟಿಮೀಟರ್ ಲೆಕ್ಕ ಸಲ್ಲದು. ಪಾದದ ಮೇಲ್ಭಾಗದಲ್ಲಿ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಮೂಳೆಗಳು ಕೂಡುವ ಮುನ್ನ ಸಿಗುವ ತಗ್ಗು, ತೈಚೊಂಗ್, ಹಗುವಿನ ಜತೆಗಾರ.

ಒತ್ತುವ ರೀತಿ ಸರಳ. ಉಗುರು ಕತ್ತರಿಸಿರಬೇಕು, ಕೈ ಬೆಚ್ಚಗಿರಬೇಕು. ಬೆರಳಿನ ಮೆತ್ತೆಯಿಂದ ನಿಧಾನವಾಗಿ ಒತ್ತಡ ಏರಿಸಿ, ಹಿತವಾದ ನೋವು ಎನ್ನಿಸುವ ಮಟ್ಟದಲ್ಲಿ ನಿಲ್ಲಿಸಿ, ಎರಡು ಮೂರು ನಿಮಿಷ ಹಿಡಿದು ಅಥವಾ ಸಣ್ಣದಾಗಿ ಸುತ್ತಿಸಿ, ನಿಧಾನವಾಗಿಯೇ ಬಿಡಬೇಕು. ಎರಡೂ ಬದಿಗೆ ಹೀಗೆ ಮಾಡಬೇಕು. ಉಸಿರು ಬಿಗಿಹಿಡಿಯಬಾರದು. ಚರ್ಮ ಕಪ್ಪಿಡುವಂತೆ, ಮರುದಿನ ನೋಯುವಂತೆ ಒತ್ತಿದರೆ ಗುಣ ಹೆಚ್ಚುವುದಿಲ್ಲ. ಅಂಗಡಿಯ ಮೊನಚು ಕಡ್ಡಿಗಳು, ಮುಳ್ಳುರುಳೆಗಳು ತಲೆನೋವಿಗೆ ಬೇಕಿಲ್ಲ; ಎಷ್ಟು ಒತ್ತಿದೆ ಎಂಬುದು ಬೆರಳಿಗೆ ತಿಳಿಯುತ್ತದೆ, ಕಡ್ಡಿಗೆ ತಿಳಿಯುವುದಿಲ್ಲ. ನೋವು ಶುರುವಾಗುತ್ತಿರುವಾಗಲೇ ಒತ್ತುವುದು ಒಳ್ಳೆಯದು. ಮೈಗ್ರೇನ್ ಏರಿದ ಮೇಲೆ ಕೆಲವರಿಗೆ ನೆತ್ತಿ ಮುಟ್ಟಿಸಿಕೊಳ್ಳುವುದೂ ಆಗದು, ಬಾಚಣಿಗೆ ತಾಗಿದರೂ ನೋವು. ಅಂಥವರು ತಲೆಯನ್ನು ಬಿಟ್ಟು ಕೈ ಪಾದಗಳ ಬಿಂದುಗಳನ್ನಷ್ಟೇ ಬಳಸಬೇಕು.

ಆಕ್ಯುಪ್ರೆಶರ್ ಕೆಲಸ ಮಾಡುವ ಬಗೆಯನ್ನು ಚೀನೀ ಪರಂಪರೆ ನಾಡಿಪಥಗಳಲ್ಲಿ ಹರಿಯುವ ‘ಚಿ’ ಎಂಬ ಶಕ್ತಿಯಿಂದ ವಿವರಿಸುತ್ತದೆ. ಶರೀರವನ್ನು ಬಿಡಿಸಿ ನೋಡಿದಾಗ ಅಂಥ ಪಥಗಳು ಕಂಡಿಲ್ಲ. ನರಶಾಸ್ತ್ರದ ವಿವರಣೆ ಬೇರೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ದ್ವಾರ ಸಿದ್ಧಾಂತದ ಪ್ರಕಾರ, ಸ್ಪರ್ಶ ಮತ್ತು ಒತ್ತಡವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ ನೋವನ್ನು ಒಯ್ಯುವ ಸಣ್ಣ ತಂತುಗಳ ಸಂದೇಶ ಬೆನ್ನುಹುರಿಯ ಮಟ್ಟದಲ್ಲೇ ತಗ್ಗುತ್ತದೆ. ಮೊಣಕಾಲು ತಾಗಿದ ಮಗು ಅಳುತ್ತಲೇ ಆ ಜಾಗವನ್ನು ಉಜ್ಜಿಕೊಳ್ಳುವುದೂ ಇದೇ ಕಾರಣಕ್ಕೆ. ಕೈಯ ಬಿಂದು ತಲೆಗೆ ಹೇಗೆ ನಾಟುತ್ತದೆ ಎಂಬುದಕ್ಕೆ ಇನ್ನೊಂದು ವಿವರಣೆ ಇದೆ: ದೇಹದ ಒಂದು ಕಡೆ ಸಹಿಸಬಹುದಾದ ನೋವು ಹುಟ್ಟಿಸಿದರೆ ಮಿದುಳುಕಾಂಡದಿಂದ ಕೆಳಗಿಳಿಯುವ ನರಗಳು ಬೇರೆಡೆಯ ನೋವನ್ನೂ ತಡೆಯುತ್ತವೆ. ಇದಕ್ಕೆ ಸ್ನಾಯುವಿನ ಸಡಿಲಿಕೆಯನ್ನೂ, ಐದು ನಿಮಿಷ ಕಣ್ಣುಮುಚ್ಚಿ ಕುಳಿತ ವಿಶ್ರಾಂತಿಯನ್ನೂ, ಹತ್ತಿರದವರ ಕೈಯ ಆರೈಕೆಯನ್ನೂ, ಗುಣವಾಗುತ್ತದೆಂಬ ನಿರೀಕ್ಷೆಯನ್ನೂ ಸೇರಿಸಿಕೊಳ್ಳಬೇಕು.

ನಿರೀಕ್ಷೆಯ ಪಾಲು ಸಣ್ಣದಲ್ಲ. ಆಕ್ಯುಪಂಕ್ಚರ್ ಮತ್ತು ಮೈಗ್ರೇನ್ ಕುರಿತ 22 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಿಶೀಲನೆ 2016ರಲ್ಲಿ ಬಂತು. ಅದರಲ್ಲಿದ್ದವರು 4,985 ಮಂದಿ. ಸೂಜಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 41 ಮಂದಿಗೆ ತಲೆನೋವಿನ ದಿನಗಳು ಅರ್ಧಕ್ಕಿಳಿದವು, ಪಡೆಯದವರಲ್ಲಿ 17 ಮಂದಿಗೆ. ಆದರೆ ನಿಜವಾದ ಸೂಜಿ ಚಿಕಿತ್ಸೆಯನ್ನು ತೋರಿಕೆಯ ಚಿಕಿತ್ಸೆಯೊಂದಿಗೆ ಹೋಲಿಸಿದಾಗ ಅದೇ ಪ್ರಮಾಣ 50 ಮತ್ತು 41. ಅಂದರೆ ಹಲವರಿಗೆ ಗುಣ ಸಿಗುತ್ತದೆ, ಆದರೆ ಬಿಂದುವಿನ ನಿಖರತೆಯಿಂದ ಸಿಗುವ ಹೆಚ್ಚುವರಿ ಗುಣ ಚಿಕ್ಕದು. ಬೆರಳಿನ ಒತ್ತಡದ ಪ್ರಯೋಗಗಳು ಇವಕ್ಕಿಂತ ಬಹಳ ಸಣ್ಣವು. ತೈವಾನಿನಲ್ಲಿ ದೀರ್ಘಕಾಲದ ತಲೆನೋವಿನ 28 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಆಕ್ಯುಪ್ರೆಶರ್, ಇನ್ನೊಂದಕ್ಕೆ ಸ್ನಾಯು ಸಡಿಲಿಸುವ ಮಾತ್ರೆ ಕೊಟ್ಟ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒತ್ತಡ ಪಡೆದವರ ನೋವು ಹೆಚ್ಚು ತಗ್ಗಿತ್ತು. ಇಟಲಿಯಲ್ಲಿ ಮೈಗ್ರೇನಿನ 40 ಮಹಿಳೆಯರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೆಯ್‌ಗುವಾನ್ ಬಿಂದುವನ್ನು ಒತ್ತುವ ಮಣಿಕಟ್ಟಿನ ಪಟ್ಟಿ ವಾಕರಿಕೆಯನ್ನು ಇಳಿಸಿತು. ಯಾರು ಒತ್ತಿಸಿಕೊಂಡರು, ಯಾರು ಇಲ್ಲ ಎಂಬುದನ್ನು ರೋಗಿಯಿಂದ ಮುಚ್ಚಿಡಲಾಗದ ಕಾರಣ ಇಂಥ ಅಧ್ಯಯನಗಳ ಮಾತಿಗೆ ಮಿತಿ ಇದೆ. ಮನೆಯಲ್ಲಿ ಇದನ್ನು ಬಳಸುವವರಿಗೆ ಈ ಫಲಿತಾಂಶಗಳು ಒಂದು ಸಮಾಧಾನ ನೀಡುತ್ತವೆ: ಬೆರಳು ಅರ್ಧ ಅಂಗುಲ ಆಚೀಚೆಯಾದರೆ ಎಲ್ಲ ಹಾಳಾಯಿತೆಂದು ಹೆದರಬೇಕಿಲ್ಲ.

ಆದರೆ ಒತ್ತುತ್ತ ಕೂರಬಾರದ ತಲೆನೋವುಗಳಿವೆ, ಅವನ್ನು ಗುರುತಿಸುವುದೇ ಮನೆಯವರ ಮೊದಲ ಕರ್ತವ್ಯ. ಸಿಡಿಲು ಬಡಿದಂತೆ ಕ್ಷಣಾರ್ಧದಲ್ಲಿ ಉತ್ತುಂಗಕ್ಕೇರುವ ನೋವು ಮಿದುಳಿನ ಸುತ್ತ ರಕ್ತಸ್ರಾವವಾಗಿರುವುದರ ಸೂಚನೆ ಇರಬಹುದು. ಜ್ವರದ ಜತೆ ಕುತ್ತಿಗೆ ಸೆಟೆದರೆ ಮಿದುಳುಪೊರೆಯ ಸೋಂಕಿನ ಶಂಕೆ. ಮಾತು ತೊದಲಿದರೆ, ಕೈಕಾಲು ಸೋತರೆ, ದೃಷ್ಟಿ ಎರಡೆರಡಾದರೆ, ತಲೆಗೆ ಪೆಟ್ಟು ಬಿದ್ದ ನಂತರ ನೋವು ಹೆಚ್ಚುತ್ತ ಹೋದರೆ, ಕಣ್ಣು ಕೆಂಪಾಗಿ ದೀಪದ ಸುತ್ತ ಬಳೆ ಕಂಡರೆ, ಕೆಮ್ಮಿದಾಗ ಮಲಗಿದಾಗ ನೋವು ಏರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯಲ್ಲಿ ತೀವ್ರ ತಲೆನೋವು ರಕ್ತದೊತ್ತಡ ಏರಿದ್ದರ ಸುಳಿವಿರಬಹುದು. ಬಾಣಂತಿಯಲ್ಲಿ ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಾಣಂತಿಗೆ ತಲೆನೋವು ಶೀತದಿಂದ ಎಂದು ಕಿವಿಗೆ ಬಟ್ಟೆ ಕಟ್ಟಿ ಮಲಗಿಸಿ ದಿನ ಕಳೆಯುವುದು ಅಪಾಯ. ಗ್ಯಾಸ್ ಗೀಸರ್ ಇರುವ, ಗಾಳಿಯಾಡದ ಬಚ್ಚಲಿನಲ್ಲಿ ಸ್ನಾನಕ್ಕೆ ಹೋದವರಿಗೆ ತಲೆನೋವು, ತಲೆಸುತ್ತು ಬಂದರೆ ಅದು ಕಾರ್ಬನ್ ಮೊನಾಕ್ಸೈಡ್ ವಿಷವಿರಬಹುದು. ಅಲ್ಲಿ ಬೇಕಾದದ್ದು ತೆರೆದ ಗಾಳಿ, ನಂತರ ಆಸ್ಪತ್ರೆ.

ಐವತ್ತು ದಾಟಿದವರ ಕಣತಲೆಯ ನೋವನ್ನು ಪ್ರತ್ಯೇಕವಾಗಿ ಹೇಳಬೇಕು. ತೈಯಾಂಗ್ ಬಿಂದುವಿನ ಹತ್ತಿರವೇ ಕಣತಲೆಯ ಅಪಧಮನಿ ಹರಿಯುತ್ತದೆ. ವಯಸ್ಸಾದವರಲ್ಲಿ ಈ ಅಪಧಮನಿ ಉರಿಯೂತಕ್ಕೆ ಸಿಲುಕುವುದುಂಟು. ಹೊಸದಾಗಿ ಶುರುವಾದ ತಲೆನೋವು, ತಲೆ ಬಾಚಿದರೆ ನೋವು, ರೊಟ್ಟಿ ಅಗಿಯುವಾಗ ದವಡೆ ಸೋಲುವುದು ಅದರ ಲಕ್ಷಣ. ಬೇಗ ಸ್ಟಿರಾಯ್ಡ್ ಕೊಡದಿದ್ದರೆ ಕಣ್ಣೇ ಹೋಗಬಹುದು. ಹಿರಿಯರ ಕಣತಲೆಯಲ್ಲಿ ಹಗ್ಗದಂತೆ ಗಟ್ಟಿಯಾದ ನಾಳ ಕೈಗೆ ತಾಗಿದರೆ ಒತ್ತುವುದನ್ನು ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಬೇಕು.

ಬಿಂದುಗಳ ವಿಷಯದಲ್ಲೂ ನಿಷೇಧಗಳಿವೆ. ಹಗು ಬಿಂದುವನ್ನು ಗರ್ಭಿಣಿಯರಿಗೆ ಒತ್ತಬಾರದೆಂಬುದು ಪರಂಪರೆಯ ಕಟ್ಟಳೆ. ಅದರಿಂದ ಹೆರಿಗೆ ನೋವು ಬರುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲವಾದರೂ, ಬೇರೆ ಬಿಂದುಗಳಿರುವಾಗ ಅದನ್ನು ಬಿಡುವುದೇ ಲೇಸು. ಕುತ್ತಿಗೆಯ ಮುಂಭಾಗ ಮತ್ತು ಪಕ್ಕದಲ್ಲಿ, ನಾಡಿ ಬಡಿಯುವ ಕಡೆ ಒತ್ತಲೇಬಾರದು. ರಕ್ತದೊತ್ತಡ ದಿಢೀರನೆ ಕುಸಿದು ಪ್ರಜ್ಞೆ ತಪ್ಪಬಹುದು, ನಾಳಕ್ಕೆ ಪೆಟ್ಟಾಗಲೂಬಹುದು. ಕ್ಷೌರದಂಗಡಿಯಲ್ಲಿ ಮಸಾಜ್ ಮುಗಿಸುವಾಗ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸುವ ಅಭ್ಯಾಸವಿದೆ. ಅದು ಆಕ್ಯುಪ್ರೆಶರ್ ಅಲ್ಲ, ಯಾರೂ ಅದಕ್ಕೆ ಕುತ್ತಿಗೆ ಕೊಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಹಗುರ ಒತ್ತಡವಷ್ಟೇ ಸಲ್ಲುತ್ತದೆ. ಗಾಯ, ಹುಣ್ಣು, ಬಾವು ಇರುವ ಕಡೆ ಒತ್ತುವಂತಿಲ್ಲ.

ಮನೆಯ ಆಕ್ಯುಪ್ರೆಶರ್‌ನ ದೊಡ್ಡ ಪ್ರಯೋಜನ ಮಾತ್ರೆಗಳ ಲೆಕ್ಕದಲ್ಲಿ ಕಾಣುತ್ತದೆ. ತಲೆನೋವಿನ ಮಾತ್ರೆಯೇ ತಲೆನೋವನ್ನು ಹುಟ್ಟಿಸಬಲ್ಲದು. ಪ್ಯಾರಾಸಿಟಮಾಲ್‌ನಂತಹ ಸಾದಾ ನೋವುನಿವಾರಕವನ್ನು ತಿಂಗಳಿಗೆ 15 ಅಥವಾ ಅದಕ್ಕೂ ಹೆಚ್ಚು ದಿನ, ಟ್ರಿಪ್ಟಾನ್ ಎಂಬ ಮೈಗ್ರೇನ್ ಮಾತ್ರೆಯನ್ನು ಅಥವಾ ಕೆಫೀನ್ ಮುಂತಾದವನ್ನು ಬೆರೆಸಿದ ಸಂಯುಕ್ತ ಮಾತ್ರೆಗಳನ್ನು 10 ಅಥವಾ ಅದಕ್ಕೂ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ನುಂಗಿದವರಿಗೆ ದಿನನಿತ್ಯ ಎನ್ನುವಂತೆ ತಲೆನೋವು ಬರತೊಡಗಬಹುದು. ಮೂಲೆಯಂಗಡಿಯಲ್ಲಿ ಬಿಡಿಯಾಗಿ ಮಾತ್ರೆ ಸಿಗುವ ಊರುಗಳಲ್ಲಿ ಈ ಗೆರೆ ದಾಟಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಹಗುರ ನೋವಿಗೆ ಮೊದಲು ನೀರು ಕುಡಿದು, ಹತ್ತು ನಿಮಿಷ ಹೆಡಕು ಮತ್ತು ಕೈಯ ಬಿಂದುಗಳನ್ನು ಒತ್ತಿ ನೋಡುವ ರೂಢಿಯಿದ್ದರೆ ತಿಂಗಳಿಗೆ ಕೆಲವು ಮಾತ್ರೆಗಳಾದರೂ ಉಳಿಯುತ್ತವೆ. ಮೈಗ್ರೇನಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ನೋವು ಏರುವ ಮುನ್ನವೇ ತೆಗೆದುಕೊಳ್ಳಬೇಕು. ಒತ್ತುತ್ತ ತಡಮಾಡಿದರೆ ಅದು ನಾಟುವುದಿಲ್ಲ.

ಒತ್ತಡದಿಂದ ಗುಣ ಸಿಗುತ್ತಿದೆಯೇ ಎಂಬುದನ್ನು ತಿಳಿಯಲು ಗೋಡೆಯ ಕ್ಯಾಲೆಂಡರ್ ಸಾಕು. ನೋವು ಬಂದ ದಿನ ಒಂದು ಗೆರೆ, ಮಾತ್ರೆ ನುಂಗಿದ ದಿನ ಇನ್ನೊಂದು. ಪಕ್ಕದಲ್ಲಿ ನಿದ್ದೆಗೆಟ್ಟದ್ದು, ಊಟ ತಪ್ಪಿದ್ದು, ಉಪವಾಸ, ಮುಟ್ಟು, ಬಿಸಿಲು ಇವುಗಳ ಗುರುತು. ಮುಂಬೈಯ ನರವೈದ್ಯ ಕೆ. ರವಿಶಂಕರ್ ತಲೆಗೆ ಸ್ನಾನ ಮಾಡಿದಾಗ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳನ್ನು ಗಮನಿಸಿ ವರದಿ ಮಾಡಿದ್ದಾರೆ. ಉದ್ದ ಕೂದಲನ್ನು ಒದ್ದೆಯಾಗಿಯೇ ಕಟ್ಟಿಕೊಂಡು ಕೆಲಸಕ್ಕೆ ಓಡುವವರಿಗೆ ಈ ಸಂಬಂಧ ಹೊಳೆಯುವುದು ಕ್ಯಾಲೆಂಡರಿನಿಂದಲೇ. ಎರಡು ತಿಂಗಳ ನಂತರವೂ ಗೆರೆಗಳು ಕಡಿಮೆಯಾಗದಿದ್ದರೆ, ಅಥವಾ ಮೈಗ್ರೇನ್ ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಕಾಡುತ್ತಿದ್ದರೆ, ಅದೇ ಕ್ಯಾಲೆಂಡರನ್ನು ವೈದ್ಯರ ಮುಂದಿಡಬೇಕು. ನೋವು ಬರದಂತೆಯೇ ತಡೆಯುವ, ನಿತ್ಯ ತೆಗೆದುಕೊಳ್ಳುವ ಔಷಧಿ ಬೇಕೋ ಬೇಡವೋ ಎಂಬುದನ್ನು ಅವರು ನಿರ್ಧರಿಸುವುದು ಆ ಗೆರೆಗಳನ್ನು ಎಣಿಸಿಯೇ. ಆ ಔಷಧಿ ನಡೆಯುತ್ತಿರುವಾಗಲೂ ಬಿಂದುಗಳನ್ನು ಒತ್ತಿಕೊಳ್ಳಲು ಅಡ್ಡಿಯಿಲ್ಲ.